ಸೊಂಟದ ಎಲುಬು ಮುರಿದ ಹಿರಿಯರಿಗೆ ಊಟವೂ ಚಿಕಿತ್ಸೆಯೇ

ಮುಪ್ಪಿನಲ್ಲಿ ಎಲುಬು ಮುರಿಯುವುದಕ್ಕೆ ದೊಡ್ಡ ಅಪಘಾತವೇ ಆಗಬೇಕೆಂದಿಲ್ಲ. ಬಚ್ಚಲಲ್ಲಿ ಕಾಲು ಜಾರಿದರೆ, ರಾತ್ರಿ ಕತ್ತಲಲ್ಲಿ ಹೊಸ್ತಿಲು ಎಡವಿದರೆ, ಹಿತ್ತಲ ಪಾಚಿಯ ಮೇಲೆ ಹೆಜ್ಜೆ ತಪ್ಪಿದರೆ ಸಾಕು. ಬಿದ್ದವರು ಏಳಲಾರರು; ಒಂದು ಕಾಲು ಗಿಡ್ಡವಾದಂತೆ ಕಾಣುತ್ತದೆ, ಪಾದ ಹೊರಕ್ಕೆ ತಿರುಗಿರುತ್ತದೆ. ತೊಡೆಯ ಎಲುಬಿನ ಮೇಲ್ತುದಿಯು ಸೊಂಟದ ಕೀಲಿಗೆ ಸೇರುವ ಜಾಗದಲ್ಲಿ ಮುರಿದಿದೆ ಎಂಬುದಕ್ಕೆ ಇವು ಗುರುತು. ಇದನ್ನೇ ನಮ್ಮ ಜನ ಸೊಂಟ ಮುರಿಯಿತು ಎನ್ನುತ್ತಾರೆ.

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹೆಚ್ಚಿನವರ ತಂದೆತಾಯಿಗಳು ಊರಲ್ಲಿದ್ದಾರೆ. ಕೆಲವರ ಹಿರಿಯರು ಇಲ್ಲೇ, ಒಂದೇ ಖೋಲಿಯ ಸಂಸಾರದಲ್ಲಿ ಮಕ್ಕಳೊಡನೆ ಇದ್ದಾರೆ. ಇಂಥ ಸುದ್ದಿ ಬಂದೊಡನೆ ಮಗನು ರಜೆ ಬರೆದುಕೊಟ್ಟು, ಪಗಾರದ ಮೇಲೆ ಮುಂಗಡ ಎತ್ತಿ, ರಾತ್ರಿಯ ಬಸ್ಸು ಹಿಡಿಯುತ್ತಾನೆ. ಶಸ್ತ್ರಕ್ರಿಯೆಗೆ ಹಣ ಹೊಂದಿಸುವುದರಲ್ಲೇ ಅವನ ಶಕ್ತಿ ಉಡುಗಿಹೋಗುತ್ತದೆ. ಡಾಕ್ಟರು ಹೊರಗೆ ಬಂದು "ಎಲ್ಲ ಸರಿಯಾಯಿತು" ಎಂದರೆ ಗೆದ್ದೆವೆಂದು ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಆದರೆ ಆಗ ಮುಗಿದದ್ದು ಅರ್ಧ ಕೆಲಸ ಮಾತ್ರ. ಉಳಿದರ್ಧ ಕೆಲಸ ಅಡಿಗೆಮನೆಯಲ್ಲಿಯೂ ಹಾಸಿಗೆಯ ಪಕ್ಕದಲ್ಲಿಯೂ ಆಗಬೇಕಾದದ್ದು. ಅದನ್ನು ಡಾಕ್ಟರು ಮಾಡಲಾರರು, ಮನೆಯವರೇ ಮಾಡಬೇಕು. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ವಿಷಯ ಎಷ್ಟು ಗಂಭೀರವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಲವು ದೇಶಗಳಲ್ಲಿ ಇಟ್ಟ ಲೆಕ್ಕದ ಪ್ರಕಾರ, ಸೊಂಟದ ಎಲುಬು ಮುರಿದ ವೃದ್ಧರಲ್ಲಿ ನೂರಕ್ಕೆ ಸುಮಾರು ೨೦ರಿಂದ ೩೦ ಮಂದಿ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿಯೂ ಅನೇಕರು ಮೊದಲಿನಂತೆ ನಡೆದಾಡಲಾರರು. ಇವರ ಪ್ರಾಣ ತೆಗೆಯುವುದು ಮುರಿದ ಎಲುಬಲ್ಲ. ಮಲಗಿದಲ್ಲೇ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ, ಹೃದಯ ಸೋಲುತ್ತದೆ. ಇವನ್ನು ಎದುರಿಸುವ ತ್ರಾಣ ದೇಹದಲ್ಲಿ ಉಳಿದಿರುವುದಿಲ್ಲ. ಆ ತ್ರಾಣದ ಒಂದು ದೊಡ್ಡ ಪಾಲು ಬರುವುದು ತಾಟಿನಿಂದ.

ಶಸ್ತ್ರಕ್ರಿಯೆ ಮಾಡುವುದೇನು, ಮಾಡದಿರುವುದೇನು

ಕೈ ಮುರಿದರೆ ಕಟ್ಟು ಕಟ್ಟಿ ಕೂಡಿಸಬಹುದು. ಸೊಂಟದ ಈ ಎಲುಬು ದಪ್ಪನೆಯ ಮಾಂಸದೊಳಗೆ ಆಳದಲ್ಲಿರುವುದರಿಂದ ಹೊರಗಿನ ಕಟ್ಟು ಅದನ್ನು ಹಿಡಿದು ನಿಲ್ಲಿಸಲಾರದು. ಆದಕಾರಣ ನಾಟಿ ಕಟ್ಟಿಗಾಗಿ ಅಲೆದಾಡಿ ದಿನ ಕಳೆಯಬಾರದು. ಮುರಿದ ಜಾಗ ನೋಡಿಕೊಂಡು ವೈದ್ಯರು ಉಕ್ಕಿನ ಸರಳನ್ನೋ ಪಟ್ಟಿಯನ್ನೋ ಸ್ಕ್ರೂಗಳಿಂದ ಬಿಗಿಯುತ್ತಾರೆ. ಇಲ್ಲವೆ ಎಲುಬಿನ ಗುಂಡನ್ನೇ ತೆಗೆದು ಲೋಹದ ಗುಂಡನ್ನು ಕೂಡಿಸುತ್ತಾರೆ. ದೇಹಸ್ಥಿತಿ ಒಪ್ಪಿದರೆ ಎರಡು ದಿನಗಳೊಳಗೆ ಶಸ್ತ್ರಕ್ರಿಯೆ ಆಗುವುದು ಲೇಸು. ಮರುದಿನವೇ ರೋಗಿಯನ್ನು ಎಬ್ಬಿಸಿ ನಿಲ್ಲಿಸುವುದು ಈಗಿನ ಕ್ರಮ. "ಇಷ್ಟು ಬೇಗ ಏಳಿಸಿ ಕೊಲ್ಲುತ್ತಾರಲ್ಲ" ಎಂದು ಮನೆಯವರು ಗಾಬರಿಪಡುವುದುಂಟು. ಕೊಲ್ಲುವುದು ಏಳಿಸುವುದಲ್ಲ, ಮಲಗಿಸುವುದು.

ಏಕೆಂದರೆ ಮಲಗಿದ ಮುದಿದೇಹ ಬಹಳ ಬೇಗ ಸವೆಯುತ್ತದೆ. ೨೦೦೭ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಯಾವ ಕಾಯಿಲೆಯೂ ಇಲ್ಲದ ೧೨ ಮಂದಿ ಹಿರಿಯರನ್ನು ೧೦ ದಿನ ಹಾಸಿಗೆಯಲ್ಲೇ ಇರಿಸಿದರು. ಅಷ್ಟರಲ್ಲೇ ಅವರ ಕಾಲುಗಳಿಂದ ಹತ್ತಿರ ಹತ್ತಿರ ಒಂದು ಕಿಲೋಗ್ರಾಂ ಮಾಂಸಖಂಡ ಕರಗಿಹೋಗಿತ್ತು. ಅವರಿಗೆ ಗಾಯವಿರಲಿಲ್ಲ, ನೋವಿರಲಿಲ್ಲ, ಊಟಕ್ಕೆ ಕೊರತೆಯೂ ಇರಲಿಲ್ಲ. ಇನ್ನು ಎಲುಬು ಮುರಿದು, ಶಸ್ತ್ರಕ್ರಿಯೆಯ ಗಾಯವಾಗಿ, ಹಸಿವು ಸತ್ತು ಮಲಗಿದವರ ಪಾಡೇನು? ಗಾಯ ಮಾಯಿಸಲು ಸಾಮಗ್ರಿ ಬೇಕು. ಹೊರಗಿನಿಂದ ಬಾರದಿದ್ದರೆ ದೇಹ ತನ್ನ ಮಾಂಸಖಂಡವನ್ನೇ ಒಡೆದು ಆ ಸಾಮಗ್ರಿಯನ್ನು ಒದಗಿಸಿಕೊಳ್ಳುತ್ತದೆ. ಮನೆಯ ತೊಲೆ ಕಿತ್ತು ಒಲೆಗೆ ಹಾಕಿದಂತೆ. ಉಕ್ಕಿನ ಸರಳು ಗಟ್ಟಿಯಾಗಿಯೇ ಇರುತ್ತದೆ; ಅದರ ಮೇಲೆ ನಿಲ್ಲಬೇಕಾದ ಕಾಲಿನಲ್ಲಿ ಬಲವಿರುವುದಿಲ್ಲ.

ಎರಡು ಊರುಗಳ ಪಾಠ

ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ವೈದ್ಯರು ೧೯೯೦ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ತೊಡೆಯೆಲುಬಿನ ಕುತ್ತಿಗೆ ಮುರಿದ ೫೯ ಮಂದಿ ವೃದ್ಧರಲ್ಲಿ ಕೆಲವರಿಗೆ ಆಸ್ಪತ್ರೆಯ ಎಂದಿನ ಊಟದ ಜೊತೆಗೆ ದಿನಕ್ಕೊಮ್ಮೆ ೨೫೦ ಮಿಲಿಲೀಟರಿನ ಒಂದು ಪುಷ್ಟಿಯ ಪಾನೀಯ ಕೊಟ್ಟರು. ಅದರಲ್ಲಿದ್ದದ್ದು ೨೦ ಗ್ರಾಂ ಪ್ರೋಟೀನು ಮತ್ತು ೨೫೦ರಷ್ಟು ಕ್ಯಾಲೊರಿ. ಆರು ತಿಂಗಳ ಹೊತ್ತಿಗೆ, ಪಾನೀಯ ಕುಡಿದವರಲ್ಲಿ ನೂರಕ್ಕೆ ೪೦ ಮಂದಿ ಸತ್ತಿದ್ದರು ಅಥವಾ ಬೇರೆ ತೊಡಕುಗಳಿಗೆ ಒಳಗಾಗಿದ್ದರು. ಕುಡಿಯದವರಲ್ಲಿ ಈ ಸಂಖ್ಯೆ ನೂರಕ್ಕೆ ೭೪. ಆಸ್ಪತ್ರೆಯಲ್ಲಿ ಉಳಿಯಬೇಕಾದ ದಿನಗಳೂ ಕಡಿಮೆಯಾದವು.

ನಮ್ಮ ಓದುಗರಿಗೆ ಇನ್ನೂ ಹತ್ತಿರವಾದ ಪಾಠ ಬ್ರಿಟನ್ನಿನ ಕಾರ್ಡಿಫ್ ನಗರದ್ದು. ೨೦೦೬ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಸೊಂಟ ಮುರಿದು ಬಂದ, ೬೫ ದಾಟಿದ ೩೦೦ಕ್ಕೂ ಹೆಚ್ಚು ಸ್ತ್ರೀಯರಿದ್ದರು. ಅರ್ಧ ಮಂದಿಗೆ ಎಂದಿನ ಶುಶ್ರೂಷೆ. ಇನ್ನರ್ಧ ಮಂದಿಗೆ ಅದರ ಜೊತೆಗೆ ಊಟದ ಉಸ್ತುವಾರಿಗೆಂದೇ ಒಬ್ಬ ಸಹಾಯಕಿ. ಆಕೆ ಹೊಸ ಔಷಧವನ್ನೇನೂ ತಂದವಳಲ್ಲ. ಏನು ತಿನ್ನಬೇಕೆನಿಸುತ್ತದೆ ಎಂದು ಕೇಳುವುದು, ಕೂರಿಸುವುದು, ತಟ್ಟೆಯನ್ನು ಕೈಗೆಟಕುವಂತೆ ಇಡುವುದು, ಬೇಕಾದರೆ ತಿನ್ನಿಸುವುದು, ನಡುವೆ ಏನಾದರೂ ತಿಂಡಿ ಕೊಡುವುದು, ಎಷ್ಟು ತಿಂದರೆಂದು ಬರೆದಿಡುವುದು, ಇಷ್ಟೇ ಆಕೆಯ ಕೆಲಸ. ಎಂದಿನ ಶುಶ್ರೂಷೆಯವರು ದಿನಕ್ಕೆ ಸರಾಸರಿ ೭೫೬ ಕ್ಯಾಲೊರಿಯಷ್ಟು ಉಂಡರೆ, ಸಹಾಯಕಿ ಇದ್ದವರು ೧,೧೦೫ ಕ್ಯಾಲೊರಿಯಷ್ಟು ಉಂಡರು. ನಾಲ್ಕು ತಿಂಗಳೊಳಗೆ ಮೊದಲನೆಯ ಗುಂಪಿನಲ್ಲಿ ನೂರಕ್ಕೆ ೨೩ ಮಂದಿ ತೀರಿಕೊಂಡಿದ್ದರು; ಎರಡನೆಯ ಗುಂಪಿನಲ್ಲಿ ೧೩ ಮಂದಿ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ೨೦೧೬ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ತೂಗಿ ನೋಡಿದ ಕೊಕ್ರೇನ್ ಸಮೀಕ್ಷೆಯು, ಇವುಗಳಲ್ಲಿ ಬಹಳಷ್ಟು ಚಿಕ್ಕವು, ಪುರಾವೆ ಇನ್ನೂ ಬಲವಾಗಬೇಕು ಎಂದಿತು. ಪುಷ್ಟಿಯ ಪಾನೀಯಗಳಿಂದ ತೊಡಕುಗಳು ತಗ್ಗಬಹುದು, ಸಾವು ತಗ್ಗುತ್ತದೆಂದು ಖಚಿತವಾಗಿ ಹೇಳಲಾಗದು ಎಂಬುದು ಅದರ ತೀರ್ಮಾನ. ಆದುದರಿಂದ ಊಟವೊಂದೇ ಎಲ್ಲವನ್ನೂ ಗೆಲ್ಲಿಸುತ್ತದೆ ಎಂದು ನಾವು ಹೇಳುವುದಿಲ್ಲ. ಉಪವಾಸವಂತೂ ಯಾರನ್ನೂ ಗೆಲ್ಲಿಸುವುದಿಲ್ಲ ಎಂಬುದರಲ್ಲಿ ಸಂಶಯವಿಲ್ಲ. ಕಾರ್ಡಿಫಿನ ಸಹಾಯಕಿ ಮಾಡಿದ ಕೆಲಸವನ್ನು ನಮ್ಮಲ್ಲಿ ಮಗಳು, ಸೊಸೆ, ಮಗ, ಮೊಮ್ಮಗ ಯಾರು ಬೇಕಾದರೂ ಮಾಡಬಹುದು.

ನಂಜು, ವಾಯು, ಶೀತ

ನಮ್ಮಲ್ಲಿ ಅಡ್ಡ ಬರುವುದು ಬಡತನವೊಂದೇ ಅಲ್ಲ, ಪಥ್ಯವೂ ಹೌದು. ಶಸ್ತ್ರಕ್ರಿಯೆಯಾದವರ ಸುತ್ತ ಬಂಧುಬಳಗ ಸೇರಿದೊಡನೆ ಮೂರು ಮಾತುಗಳು ಕೇಳಿಬರುತ್ತವೆ. ಗಾಯ ನಂಜಾಗುತ್ತದೆಂದು ಮೊಟ್ಟೆ, ಮೀನು, ಬದನೆ ಹೋದವು. ವಾಯುವಾಗುತ್ತದೆಂದು ಬೇಳೆ, ಕಾಳು, ಶೇಂಗಾ ಹೋದವು. ಶೀತವಾಗುತ್ತದೆಂದು ಮೊಸರು, ಬಾಳೆಹಣ್ಣು ಹೋದವು. ಕೊನೆಗೆ ಉಳಿದದ್ದು ಗಂಜಿ, ಚಹ, ಎರಡು ಬಿಸ್ಕೀಟು. ಹೇಳಿದವರೆಲ್ಲ ಒಳ್ಳೆಯದಾಗಲೆಂದೇ ಹೇಳಿದರು. ಆದರೆ ಎಲ್ಲರ ಮಾತೂ ಕೂಡಿ ರೋಗಿಯ ತಾಟಿನಿಂದ ಪ್ರೋಟೀನನ್ನೆಲ್ಲ ಎತ್ತಿಹಾಕಿತು.

ಗಾಯ ಕೀವಾಗುವುದು ಸೂಕ್ಷ್ಮಜೀವಿಗಳಿಂದ. ರಕ್ತದಲ್ಲಿ ಸಕ್ಕರೆ ಏರಿದ್ದರೆ, ದೇಹ ಸೊರಗಿದ್ದರೆ ಅದಕ್ಕೆ ಇನ್ನಷ್ಟು ದಾರಿ. ಮೊಟ್ಟೆ ತಿಂದು ಗಾಯ ಕೀವಾಗುವುದಿಲ್ಲ. ಪುಷ್ಟಿಯಿಲ್ಲದೆ ಗಾಯ ಮಾಯುವುದು ತಡವಾಗುತ್ತದೆ. ಬೇಳೆಯಿಂದ ಹೊಟ್ಟೆ ಉಬ್ಬರಿಸಿದರೆ ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ, ಇಂಗು ಜೀರಿಗೆಯ ಒಗ್ಗರಣೆ ಹಾಕಿ, ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ತಣ್ಣನೆಯ ಮೊಸರು ಒಗ್ಗದವರಿಗೆ ಹೊರಗಿಟ್ಟು ತಂಪು ಬಿಟ್ಟ ಮೊಸರು ಒಗ್ಗೀತು. ಮೊದಲಿನಿಂದಲೂ ಮೈಗೆ ಆಗದ ಪದಾರ್ಥವಿದ್ದರೆ ಅದನ್ನಷ್ಟೇ ಬಿಡಬೇಕು, ಆಗಿಬರುವುದನ್ನು ಬಿಡಿಸಬಾರದು.

ಏಕಾದಶಿ, ಶನಿವಾರ, ಒಪ್ಪತ್ತು ಎಂದು ಉಪವಾಸ ಹಿಡಿದ ಹಿರಿಯರು ಹಾಸಿಗೆಯಲ್ಲಿಯೂ ಅದನ್ನು ಬಿಡಲೊಪ್ಪುವುದಿಲ್ಲ. ಗದರಿಸಿ ಪ್ರಯೋಜನವಿಲ್ಲ. ಅವರು ಗೌರವಿಸುವ ಪುರೋಹಿತರಿಂದಲೋ ಸ್ವಾಮಿಗಳಿಂದಲೋ "ಕಾಯಿಲೆಯವರಿಗೆ ವಿನಾಯಿತಿ ಇದೆ" ಎಂಬ ಮಾತು ಹೇಳಿಸುವುದು ಮೇಲು. ಅದೂ ಆಗದಿದ್ದರೆ ಉಪವಾಸದ ದಿನ ಹಾಲು, ಹಣ್ಣು, ಶೇಂಗಾ ಉಂಡೆಗಳನ್ನಾದರೂ ತಪ್ಪಿಸಬಾರದು. ಜನ್ಮವಿಡೀ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಂಡ ತಾಯಿಗೆ, ತನಗಾಗಿ ಹಾಲು ಕಾಸಿಕೊಡಿರೆಂದು ಕೇಳುವ ಅಭ್ಯಾಸವೇ ಇರುವುದಿಲ್ಲ. ಆಕೆ ಬೇಡವೆನ್ನುವುದೆಲ್ಲ ಹಸಿವಿಲ್ಲದೆ ಅಲ್ಲ. ಕೆಲವು ಸಾರಿ ಸಂಕೋಚದಿಂದ, ಕೆಲವು ಸಾರಿ ಮಗನ ಖರ್ಚಿನ ಭಯದಿಂದ.

ಬಾಣಂತಿಯ ಮನೆಯಲ್ಲಿ ಅಂಟಿನುಂಡೆ ಕಟ್ಟಿ ಡಬ್ಬಿ ತುಂಬಿಡುವ ಜನ ನಾವು. ಒಂದು ಜೀವ ಸವೆದು ಮತ್ತೆ ತುಂಬಿಕೊಳ್ಳಬೇಕಾದರೆ ಹೊತ್ತುಹೊತ್ತಿಗೆ ಪುಷ್ಟಿ ಬೇಕೆಂಬುದನ್ನು ಯಾರೂ ನಮಗೆ ಕಲಿಸಬೇಕಿಲ್ಲ. ಆ ತಿಳಿವಳಿಕೆಯನ್ನೇ ಸೊಂಟ ಮುರಿದ ಅಜ್ಜಿಯ ಹಾಸಿಗೆಯವರೆಗೆ ಒಯ್ಯಬೇಕಾಗಿದೆ.

ಎಷ್ಟು ಬೇಕು?

ಹಳೆಯ ಪಾಠಪುಸ್ತಕಗಳಲ್ಲಿ ಸಸಾರಜನಕವೆಂದು ಓದಿದ್ದನ್ನೇ ಈಗ ಪ್ರೋಟೀನು ಎನ್ನುತ್ತಾರೆ. ಗಾಯ ಮಾಯಿಸುವುದು, ಮಾಂಸಖಂಡ ಕಟ್ಟುವುದು ಇದರ ಕೆಲಸ. ಕಾಯಿಲೆಬಿದ್ದ ವೃದ್ಧರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೧.೨ರಿಂದ ೧.೫ ಗ್ರಾಂ ಪ್ರೋಟೀನು ಬೇಕೆಂದು ತಜ್ಞರ ಮತ. ೪೫ ಕಿಲೋಗ್ರಾಂ ತೂಗುವ ತಾಯಿಗೆ ಕಡಿಮೆಯೆಂದರೂ ೫೪ ಗ್ರಾಂ ಆಯಿತು. ಒಟ್ಟು ಆಹಾರದ ಶಕ್ತಿ ಕಿಲೋಗ್ರಾಮಿಗೆ ೩೦ ಕ್ಯಾಲೊರಿಯಂತೆ ಸುಮಾರು ೧,೩೫೦ ಕ್ಯಾಲೊರಿ ಇರಬೇಕು. ಒಂದು ಬಟ್ಟಲು ತಿಳಿಗಂಜಿಯಲ್ಲಿ ಎರಡು ಮೂರು ಗ್ರಾಂ ಪ್ರೋಟೀನು ಸಿಕ್ಕರೆ ಹೆಚ್ಚು. ಹೀಗೆ ಗಂಜಿಯಿಂದಲೇ ೫೪ ಗ್ರಾಂ ತುಂಬಿಸಬೇಕಾದರೆ ದಿನಕ್ಕೆ ಇಪ್ಪತ್ತು ಬಟ್ಟಲು ಕುಡಿಸಬೇಕಾದೀತು!

ಶಾಕಾಹಾರಿಗಳ ಮನೆಯಲ್ಲಿ ಸಿಗುವ ಪದಾರ್ಥಗಳಿಂದಲೇ ಒಂದು ದಿನದ ಲೆಕ್ಕ ಹಾಕೋಣ. ಪ್ರೋಟೀನಿನ ಅಂಕೆಗಳು ಅಂದಾಜಿನವು.

ಬೆಳಿಗ್ಗೆ ಏಳಕ್ಕೆ: ಒಂದು ಲೋಟ (೨೦೦ ಮಿ.ಲೀ.) ಹಾಲು – ೬ ಗ್ರಾಂ.
ಒಂಬತ್ತಕ್ಕೆ: ಅಕ್ಕಿ, ಹೆಸರುಬೇಳೆ ಸಮವಾಗಿ ತಲಾ ೩೦ ಗ್ರಾಂ ಹಾಕಿದ ಮೆತ್ತನೆಯ ಹುಗ್ಗಿ, ಮೇಲೊಂದು ಚಮಚ ತುಪ್ಪ – ೯ ಗ್ರಾಂ.
ಹನ್ನೊಂದಕ್ಕೆ: ಒಂದು ಲೋಟ ಹಾಲಿನಲ್ಲಿ ಕಾಸಿದ ರಾಗಿ ಅಂಬಲಿ – ೮ ಗ್ರಾಂ.
ಮಧ್ಯಾಹ್ನ: ಜೋಳದ ರೊಟ್ಟಿ ನೆನೆಸಿದ್ದು ಅಥವಾ ಅನ್ನ, ಗಟ್ಟಿ ತೊವ್ವೆ, ಪಲ್ಯ, ಒಂದು ಬಟ್ಟಲು ಮೊಸರು – ೧೬ ಗ್ರಾಂ.
ನಾಲ್ಕಕ್ಕೆ: ಶೇಂಗಾ ಹುರಿದು ಪುಡಿಮಾಡಿ ಬೆಲ್ಲ ಕೂಡಿಸಿದ್ದು, ಒಂದು ಹಿಡಿ – ೬ ಗ್ರಾಂ.
ರಾತ್ರಿ: ಮೆತ್ತನೆಯ ಅನ್ನ, ಬೇಳೆಸಾರಿನ ತಳದ ಗಟ್ಟಿ, ಸ್ವಲ್ಪ ಮೊಸರು – ೧೨ ಗ್ರಾಂ.

ಒಟ್ಟು ೫೭ ಗ್ರಾಂ. ಮೊಟ್ಟೆ ತಿನ್ನುವವರಿಗೆ ಎರಡು ಮೊಟ್ಟೆಯಿಂದಲೇ ೧೨ ಗ್ರಾಂ ಸಿಗುತ್ತದೆ. ಕರಾವಳಿಯವರು ನೂರು ಗ್ರಾಂ ಮೀನು ಕೊಟ್ಟರೆ ೧೮ ಗ್ರಾಮಿನಷ್ಟು. ಕಾಲುಸೂಪಿನಿಂದ ಎಲುಬು ಕೂಡುತ್ತದೆಂದು ಬಹಳ ಮಂದಿ ನಂಬುತ್ತಾರೆ; ಬರಿಯ ತಿಳಿಯಲ್ಲಿ ಸುಣ್ಣದ ಅಂಶ ಅತ್ಯಲ್ಪ. ರುಚಿಗೆ ಕುಡಿಯಲಿ, ಆದರೆ ಅದರಿಂದಲೇ ಹೊಟ್ಟೆ ತುಂಬಿಸಬಾರದು. ಸುಣ್ಣದ ಅಂಶಕ್ಕೆ ಹಾಲು, ಮೊಸರು, ರಾಗಿ ಉತ್ತಮ. ನೂರು ಗ್ರಾಂ ರಾಗಿಯಲ್ಲಿ ೩೫೦ ಮಿಲಿಗ್ರಾಂ ಆಸುಪಾಸು ಇರುತ್ತದೆ. ಡಿ ಜೀವಸತ್ವದ ಕೊರತೆ ನಮ್ಮ ವೃದ್ಧರಲ್ಲಿ ಸಾಮಾನ್ಯ. ಊಟದಿಂದ ಅದು ತುಂಬಿಬರುವುದು ಕಷ್ಟ. ಅದರ ಗುಳಿಗೆಯನ್ನು ವೈದ್ಯರ ಮಾತಿನಂತೆ ಕೊಡಬೇಕು. ರಕ್ತ ಕಡಿಮೆಯಿದ್ದು ಕಬ್ಬಿಣಾಂಶದ ಗುಳಿಗೆ ಕೊಟ್ಟಿದ್ದರೆ ಚಹ, ಕಾಫಿಗಳ ಜೊತೆಗೆ ನುಂಗಿಸಬಾರದು.

ಪೇಟೆಯ ದುಬಾರಿ ಪುಷ್ಟಿಪುಡಿಯ ಡಬ್ಬಿ ಕಡ್ಡಾಯವೇ ಎಂದು ಕೇಳಬಹುದು. ಊಟ ಸೇರದವರಿಗೆ ವೈದ್ಯರು ಹೇಳಿದರೆ ಕೊಡಬೇಕು. ಜಿನೀವಾದ ಪಾನೀಯವೂ ಅಂಥದ್ದೇ. ಉಣ್ಣಬಲ್ಲವರಿಗೆ ಹಾಲು, ಬೇಳೆ, ಶೇಂಗಾ, ಮೊಟ್ಟೆಗಳೇ ಅದೇ ಕೆಲಸ ಮಾಡುತ್ತವೆ. ಸಾಲ ಮಾಡಿ ಡಬ್ಬಿ ಕೊಂಡು, ಹಾಲಿಗೆ ಕಾಸಿಲ್ಲದಂತೆ ಮಾಡಿಕೊಳ್ಳುವುದು ಜಾಣತನವಲ್ಲ.

ಹಾಸಿಗೆಯ ಪಕ್ಕದಲ್ಲಿ

ಒಂದು, ಶಸ್ತ್ರಕ್ರಿಯೆಗೆ ಮುಂಚಿನ ಉಪವಾಸ. ಗಟ್ಟಿ ಆಹಾರಕ್ಕೆ ಆರು ಗಂಟೆ, ನೀರಿಗೆ ಎರಡು ಗಂಟೆ ಎಂಬುದು ಸಾಮಾನ್ಯ ನಿಯಮ. ಆಯಾ ಆಸ್ಪತ್ರೆಯವರು ಹೇಳಿದಂತೆ ನಡೆಯಬೇಕು. ಆದರೆ ಶಸ್ತ್ರಕ್ರಿಯೆ ನಾಳೆಗೆ ಹೋಯಿತೆಂದರೆ, "ಈಗ ಊಟ ಕೊಡಬಹುದೇ?" ಎಂದು ಕೂಡಲೇ ಕೇಳಬೇಕು. ಕೇಳುವವರಿಲ್ಲದೆ ಎರಡು ದಿನ ಬರಿಹೊಟ್ಟೆಯಲ್ಲಿ ಮಲಗುವವರಿದ್ದಾರೆ.

ಎರಡು, ಹಲ್ಲಿನ ಸೆಟ್ಟು ಮತ್ತು ಕನ್ನಡಕ. ಅವಸರದಲ್ಲಿ ಇವೆರಡೂ ಮನೆಯಲ್ಲೇ ಉಳಿಯುತ್ತವೆ. ಅಗಿಯಲಾರದವರು, ತಟ್ಟೆಯಲ್ಲೇನಿದೆಯೆಂದು ಕಾಣದವರು ಹೇಗೆ ಉಂಡಾರು? ಮೊದಲ ದಿನವೇ ತರಿಸಬೇಕು.

ಮೂರು, ಕೂತು ಉಣ್ಣಿಸುವುದು. ಮಲಗಿಸಿ ಉಣ್ಣಿಸಿದರೆ ಅನ್ನ ಶ್ವಾಸನಾಳಕ್ಕೆ ಇಳಿಯುವ ಭಯವಿದೆ. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಉಂಡ ಮೇಲೂ ಅರ್ಧ ಗಂಟೆ ಹಾಗೆಯೇ ಇರಿಸಬೇಕು. ನುಂಗುವಾಗ ಪದೇ ಪದೇ ಕೆಮ್ಮು ಬಂದರೆ ವೈದ್ಯರಿಗೆ ತಿಳಿಸಬೇಕು.

ನಾಲ್ಕು, ನೀರು. ಒಂದಕ್ಕೆ ಹೋಗಲು ಇನ್ನೊಬ್ಬರನ್ನು ಕರೆಯಬೇಕಲ್ಲ ಎಂಬ ನಾಚಿಕೆಯಿಂದ ಹಿರಿಯರು, ಅದರಲ್ಲೂ ಹೆಂಗಸರು, ನೀರನ್ನೇ ಬಿಟ್ಟುಬಿಡುತ್ತಾರೆ. ಅದರಿಂದ ಮಲಬದ್ಧತೆ, ನೋವಿನ ಗುಳಿಗೆಗಳಿಂದ ಅದು ಇಮ್ಮಡಿ, ಹೊಟ್ಟೆ ಕಟ್ಟಿದವರಿಗೆ ಹಸಿವೆಲ್ಲಿಯದು? ಆಗಾಗ ಮಜ್ಜಿಗೆ, ನೀರು, ಪಪ್ಪಾಯಿ, ಸೊಪ್ಪಿನ ಪಲ್ಯ ಕೊಡಬೇಕು. ಕೂಗಿದೊಡನೆ ಬರುತ್ತೇವೆಂಬ ಧೈರ್ಯವನ್ನೂ ಕೊಡಬೇಕು.

ಐದು, ನೋವು. ನೋವಿನಲ್ಲಿ ತುತ್ತು ಇಳಿಯದು. ಊಟಕ್ಕೂ ನಡೆಸುವುದಕ್ಕೂ ಮೊದಲು ನೋವು ಹತೋಟಿಯಲ್ಲಿರುವಂತೆ ಗುಳಿಗೆಯ ಹೊತ್ತನ್ನು ವೈದ್ಯರಿಂದ ಗೊತ್ತುಮಾಡಿಸಿಕೊಳ್ಳಬೇಕು. ಊಟ ಮತ್ತು ನಡಿಗೆ ಜೋಡೆತ್ತುಗಳು. ಒಂದನ್ನೇ ಹೂಡಿದರೆ ಬಂಡಿ ಸಾಗದು.

ಆರು, ಭ್ರಮೆ. ಶಸ್ತ್ರಕ್ರಿಯೆಯ ಬಳಿಕ ಕೆಲವರು ರಾತ್ರಿಯಲ್ಲಿ ಏನೇನೋ ಮಾತಾಡುತ್ತಾರೆ, ಮಕ್ಕಳ ಗುರುತು ತಪ್ಪುತ್ತಾರೆ. ಗಾಳಿ ಸೋಕಿತೆಂದು ತಾಯತ ಹುಡುಕಬಾರದು. ಸೋಂಕು, ನೀರಿನ ಕೊರತೆ, ನೋವು, ಔಷಧ, ಮಲಬದ್ಧತೆ ಇವುಗಳಿಂದ ಹೀಗಾಗುತ್ತದೆ. ವೈದ್ಯರಿಗೆ ಆಗಲೇ ತಿಳಿಸಬೇಕು. ಇಂಥವರು ತಾವಾಗಿ ಉಣ್ಣಲಾರರು. ಪರಿಚಯದ ದನಿಯಲ್ಲಿ ಮಾತಾಡಿಸುತ್ತ, ಸಣ್ಣ ತುತ್ತಾಗಿ ತಿನ್ನಿಸಬೇಕು.

ವೈದ್ಯರನ್ನು ಕೇಳದೆ ಮುಂದುವರಿಯಬಾರದವರೂ ಇದ್ದಾರೆ. ಮೂತ್ರಪಿಂಡದ ಕಾಯಿಲೆಯವರಿಗೆ ಎಷ್ಟು ಪ್ರೋಟೀನು ಎಂಬುದನ್ನು ಅವರೇ ನಿರ್ಧರಿಸಬೇಕು. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ, ಸಕ್ಕರೆ ಸಲ್ಲದು. ಹಾಗೆಂದು ಊಟವನ್ನೇ ತಗ್ಗಿಸಬಾರದು, ಔಷಧವನ್ನು ಹೊಂದಿಸಿಕೊಳ್ಳಬೇಕು. ಹೃದಯದ ತೊಂದರೆಯವರಿಗೆ ನೀರು, ಉಪ್ಪಿನ ಅಳತೆ ಕೇಳಬೇಕು. ಬಹಳ ದಿನ ಏನೂ ತಿನ್ನದಿದ್ದವರಿಗೆ ಒಮ್ಮೆಲೇ ಹೆಚ್ಚು ಕೊಡುವುದೂ ಅಪಾಯ. ಅವರ ಊಟವನ್ನು ವೈದ್ಯರ ಕಣ್ಣೆದುರಿಗೆ ಮೆಲ್ಲಗೆ ಏರಿಸಬೇಕು.

ರಜೆ ಮುಗಿಸಿ ಹೊರಡುವ ಮುನ್ನ

ಚೇತರಿಕೆ ವಾರದ ಮಾತಲ್ಲ, ತಿಂಗಳುಗಳ ಮಾತು. ನಮ್ಮವರಿಗೆ ಸಿಗುವ ರಜೆಯೋ ಎಂಟು ಹತ್ತು ದಿನ. ಆದಕಾರಣ ಹೊರಡುವ ಮುನ್ನ ಕೆಲವು ಏರ್ಪಾಡು ಮಾಡಿ ಬರಬೇಕು. ಯಾವ ಹೊತ್ತಿಗೆ ಏನೆಂದು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಹಾಲಿನವನಿಗೆ ತಿಂಗಳ ಹಣ ಮುಂಗಡ ಕೊಟ್ಟರೆ ಹಾಲು ತಪ್ಪದು. ಉಸ್ತುವಾರಿ ಯಾರದೆಂದು ಒಬ್ಬರ ಹೆಸರು ಹಿಡಿದು ಗೊತ್ತುಮಾಡಬೇಕು. ಎಲ್ಲರದೂ ಆದ ಕೆಲಸ ಯಾರದೂ ಆಗದು. ನಿಲ್ಲುವಂತಾದ ಮೇಲೆ ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಲು ಹೇಳಬೇಕು. ತೂಕ ಇಳಿಯುತ್ತಲೇ ಇದ್ದರೆ ವೈದ್ಯರಲ್ಲಿಗೆ ಹೋಗಬೇಕು. ಮತ್ತೊಮ್ಮೆ ಎಲುಬು ಮುರಿಯದಂತೆ ಔಷಧ ಬೇಕೇ ಎಂದು ಆಗಲೇ ಕೇಳಬೇಕು. ಬಚ್ಚಲಿಗೆ ದೀಪ, ಗೋಡೆಗೆ ಹಿಡಿಕೆ ಹಾಕಿಸಿಯೇ ಬಸ್ಸು ಹತ್ತಬೇಕು.

ದೂರದ ಊರಿನಿಂದ ಮಾಡಬಹುದಾದ ಇನ್ನೊಂದು ಕೆಲಸವಿದೆ, ಅದಕ್ಕೆ ಖರ್ಚಿಲ್ಲ. ನಾವೆಲ್ಲ ಪಾಳಿ ಮುಗಿಸಿ ಫೋನು ಮಾಡಿ, "ಅವ್ವಾ, ಊಟ ಆತೇನು?" ಎಂದು ಕೇಳುತ್ತೇವೆ. "ಆತಪ್ಪಾ, ನೀ ಉಂಡೇನು?" ಎಂದು ಆಕೆ ಉತ್ತರಿಸುತ್ತಾಳೆ. ಎರಡು ತುತ್ತು ಗಂಜಿ ಉಂಡಿದ್ದರೂ ಅದೇ ಉತ್ತರ, ಏನೂ ಉಣ್ಣದಿದ್ದರೂ ಅದೇ ಉತ್ತರ. ಆ ಪ್ರಶ್ನೆ ಪ್ರೀತಿಯದು, ಇರಲಿ. ಅದರ ಹಿಂದೆಯೇ ಇನ್ನೆರಡು ಪ್ರಶ್ನೆ ಕೇಳೋಣ: "ಏನ್ ಉಂಡಿ? ತಾಟಿನ್ಯಾಗ ಎಷ್ಟು ಉಳೀತು?" ಇದಕ್ಕೆ ಬರುವ ಉತ್ತರದಿಂದ ಹಾಲು ಹೋಯಿತೇ, ಬೇಳೆ ಹೋಯಿತೇ, ಯಾರಾದರೂ ಪಕ್ಕದಲ್ಲಿ ಕೂತು ಉಣ್ಣಿಸಿದರೇ ಎಂಬುದೆಲ್ಲ ತಿಳಿಯುತ್ತದೆ. ಉಳಿದದ್ದು ಹೆಚ್ಚೆಂದು ತಿಳಿದರೆ, ಮಾರನೆಯ ದಿನ ಏನು ಮಾಡಬೇಕೆಂಬುದನ್ನು ಮನೆಯವರೊಡನೆ ಅದೇ ಫೋನಿನಲ್ಲಿ ಗೊತ್ತುಮಾಡಿಕೊಳ್ಳಬಹುದು.